ತಂಗಿ ಹಚ್ಚುತ್ತಿರುವ ಹೆಸರಿಲ್ಲದ ಕ್ರೀಮು: ಬಿಟ್ಟರೆ ಮುಖ ಉರಿಯುತ್ತಿದೆ, ಏನು ಮಾಡಲಿ?

ಹೇಮಾವತಿ ತೀರ (ಹಾಸನ)

ಎಲ್ಲರಿಗೂ ನಮಸ್ಕಾರ. ತಿಳಿದವರು ದಯವಿಟ್ಟು ಹೇಳಿ.

ನನ್ನ ತಂಗಿಗೆ ಗಂಡು ನೋಡುತ್ತಿದ್ದೇವೆ. ಎಣ್ಣೆಗೆಂಪು ಬಣ್ಣ, ಲಕ್ಷಣವಾಗಿದ್ದಾಳೆ. ಒಂದು ಕಡೆಯವರು ಬಂದು ಉಪ್ಪಿಟ್ಟು, ಕೇಸರಿಬಾತ್ ತಿಂದು ಹೋದರು. ಆಮೇಲೆ ಬ್ರೋಕರ್ ಕೈಲಿ "ಹುಡುಗಿ ಬಣ್ಣ ಸ್ವಲ್ಪ ಕಮ್ಮಿ" ಅಂತ ಹೇಳಿ ಕಳಿಸಿದರು. ಆ ಮಾತು ಅವಳಿಗೆ ನಾಟಿಬಿಟ್ಟಿತು. ಗೊತ್ತಿರುವ ಒಂದು ಪಾರ್ಲರಿನಿಂದ ರಾತ್ರಿ ಹಚ್ಚುವ ಕ್ರೀಮು ತಂದಳು. ಸುಣ್ಣದ ಡಬ್ಬಿಯಷ್ಟು ಚಿಕ್ಕ ಬಿಳಿ ಡಬ್ಬಿ. ಮುಚ್ಚಳದ ಮೇಲೆ ಒಬ್ಬಳು ಹುಡುಗಿಯ ಮುಖದ ಸ್ಟಿಕರ್. ಮಾಡಿದವರು ಯಾರು, ಒಳಗೆ ಏನಿದೆ, ಯಾವಾಗ ಮಾಡಿದ್ದು, ಒಂದೂ ಇಲ್ಲ. ಬೆಲೆಯೂ ಅಚ್ಚಾಗಿಲ್ಲ.

ವಾರ ಕಳೆಯುವಷ್ಟರಲ್ಲಿ ಮುಖ ಬೆಳ್ಳಗಾಯಿತು, ನಿಜ. ನೆಂಟರೆಲ್ಲ "ಏನೇ ಹಚ್ತೀಯಾ" ಅಂತ ಕೇಳುತ್ತಿದ್ದರು. ಈಗ ಎರಡು ದಿನ ಬಿಟ್ಟರೆ ಸಾಕು, ಕೆನ್ನೆ ಕೆಂಪಗಾಗಿ ಉರಿ. ಬಿಸಿಲಿಗೆ ಹೋದರೆ ಇನ್ನೂ ಜಾಸ್ತಿ. ಗಲ್ಲದ ಮೇಲೆ ಸಣ್ಣ ಸಣ್ಣ ಮೊಡವೆ. ಕಿವಿಯ ಪಕ್ಕ ನವಿರಾದ ಕೂದಲು ಬರುತ್ತಿದೆ. ಮತ್ತೆ ಹಚ್ಚಿದರೆ ಎಲ್ಲ ತಣ್ಣಗಾಗುತ್ತದೆ. ಅಮ್ಮ "ಬೆಳ್ಳಗಾಗ್ತಿದ್ದಾಳಲ್ಲ, ಬಿಡು" ಅನ್ನುತ್ತಾರೆ. ಇದು ಅಲರ್ಜಿಯಾ? ನಿಲ್ಲಿಸಬೇಕಾ, ಬೇಡವಾ?

ಔಷಧಿ ಅಂಗಡಿ (ಅರಸೀಕೆರೆ)

ಅಕ್ಕ, ನೀವು ಬರೆದಿದ್ದು ಓದಿದರೆ ಅಲರ್ಜಿ ಅನ್ನಿಸುವುದಿಲ್ಲ. ಹಚ್ಚಿದರೆ ತಂಪು, ಬಿಟ್ಟರೆ ಉರಿ, ಮೇಲೆ ಕೂದಲು, ಮೊಡವೆ. ಇದು ಸ್ಟೀರಾಯ್ಡ್ ಇರುವ ಕ್ರೀಮಿನ ಲಕ್ಷಣ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಹೆಸರುಗಳು. ಇಸುಬು, ಸೋರಿಯಾಸಿಸ್ ಇದ್ದವರಿಗೆ ಡಾಕ್ಟರು ಬರೆದು ಕೊಡುವ ಔಷಧಿಗಳು ಇವು. ದಿನಾ ಮುಖಕ್ಕೆ ಹಚ್ಚಿಕೊಳ್ಳುವಂಥದ್ದಲ್ಲ.

ಬೇಗ ಬೆಳ್ಳಗಾಗುವುದು ಯಾಕೆ ಗೊತ್ತಾ? ಸ್ಟೀರಾಯ್ಡ್ ತಾಗಿದ ಕಡೆ ಚರ್ಮದ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ಮುಖ ಬಿಳುಚಿಕೊಳ್ಳುತ್ತದೆ. ಸ್ಟೀರಾಯ್ಡ್ ಎಷ್ಟು ಜೋರು ಅಂತ ಕಂಪನಿಯವರು ಅಳೆಯುವುದೂ ಚರ್ಮ ಎಷ್ಟು ಬಿಳುಚಿಕೊಳ್ಳುತ್ತದೆ ಅಂತ ನೋಡಿಯೇ. ಜೊತೆಗೆ ಬಣ್ಣ ತಯಾರಾಗುವುದೂ ಕಮ್ಮಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತಾ ಹೋಗುತ್ತದೆ. ಬಿಟ್ಟ ಕೂಡಲೇ ಮುದುಡಿದ್ದ ರಕ್ತನಾಳಗಳೆಲ್ಲ ಒಟ್ಟಿಗೆ ಹಿಗ್ಗುತ್ತವೆ. ಆ ಕೆಂಪು, ಆ ಉರಿ ಅದೇ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ನನ್ನ ಅಂಗಡಿಗೆ ವಾರದಲ್ಲಿ ಒಬ್ಬರಾದರೂ ಖಾಲಿ ಟ್ಯೂಬ್ ಹಿಡಿದುಕೊಂಡು ಬರುತ್ತಾರೆ. ತುದಿಯಿಂದ ಸುರುಳಿ ಸುತ್ತಿ ಹಿಂಡಿ, ಕೊನೆಗೆ ಕತ್ತರಿಯಲ್ಲಿ ಕತ್ತರಿಸಿ ಒಳಗೆ ಬೆರಳು ಹಾಕಿ ಒರೆಸಿರುತ್ತಾರೆ. "ಅಣ್ಣ, ಇದೇ ಕೊಡಿ." ಚೀಟಿ ಕೇಳಿದರೆ ಬೇಜಾರು ಮಾಡಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ.

ಚರ್ಮದ ಡಾಕ್ಟರ್ (ಹಾಸನ ಜಿಲ್ಲೆ)

ಮೇಲಿನವರು ಸರಿಯಾಗಿ ಹೇಳಿದ್ದಾರೆ. ಇದಕ್ಕೆ ನಮ್ಮ ದೇಶದ ಚರ್ಮವೈದ್ಯರು 'ಸ್ಟೀರಾಯ್ಡಿನಿಂದ ಹಾಳಾದ ಮುಖ' ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಅಷ್ಟು ಜನ ಬರುತ್ತಾರೆ.

ಆದರೆ ಹೆಸರಿಲ್ಲದ ಡಬ್ಬಿ ಅಂದರೆ ನನಗೆ ಇನ್ನೊಂದು ಅನುಮಾನವೂ ಇದೆ. ಅದು ಪಾದರಸ. ಚರ್ಮದಲ್ಲಿ ಕಪ್ಪು ಬಣ್ಣ ತಯಾರಾಗಲು ಒಂದು ಕಿಣ್ವ ಬೇಕು. ಪಾದರಸ ಅದನ್ನು ತಡೆಯುತ್ತದೆ. ಅಗ್ಗವಾಗಿ ಸಿಗುತ್ತದೆ, ಬೇಗ ಬೆಳ್ಳಗೆ ಮಾಡುತ್ತದೆ. ಆದರೆ ಅದು ಚರ್ಮದೊಳಗೆ ಇಳಿದು ಮೂತ್ರಪಿಂಡಕ್ಕೆ ಹೋಗಿ ಕೂರುತ್ತದೆ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದಲ್ಲಿ ಪಾದರಸ ಹಾಕಿದ ಸೌಂದರ್ಯವರ್ಧಕಗಳನ್ನು ತಯಾರಿಸುವ, ಆಮದು ಮಾಡುವ ಹಾಗಿಲ್ಲ.

ಕಣ್ಣಿನಲ್ಲಿ ನೋಡಿ, ಮೂಸಿ ಕಂಡುಹಿಡಿಯಲು ಆಗುವುದಿಲ್ಲ. ಕೆಲವು ಡಬ್ಬಿಗಳ ಮೇಲೆ ಮಾತ್ರ ಒಂದು ಸುಳಿವು ಇರುತ್ತದೆ. "ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ" ಅಂತ ಬರೆದಿರುತ್ತಾರೆ. ಪಾದರಸ ಚಿನ್ನಕ್ಕೆ ಹತ್ತಿದರೆ ಚಿನ್ನ ಬಿಳಿಯಾಗುತ್ತದೆ ಅಂತ ಅಕ್ಕಸಾಲಿಗರನ್ನು ಕೇಳಿ, ಹೇಳುತ್ತಾರೆ. ಮುಖಕ್ಕೆ ಹಚ್ಚುವ ಕ್ರೀಮಿಗೆ ಓಲೆ, ಸರ ತೆಗೆದಿಡಿ ಅನ್ನುವ ಎಚ್ಚರಿಕೆ ಯಾಕೆ ಬೇಕು ಅಂತ ಯೋಚಿಸಿ.

ನೀವು ಈಗ ಮಾಡಬೇಕಾದ್ದು ಇಷ್ಟು. ಒಳಗೇನಿದೆ ಅಂತ ಗೊತ್ತಿಲ್ಲದ್ದನ್ನು ಇವತ್ತೇ ನಿಲ್ಲಿಸಿ. ಮುಖ ಉರಿಯುತ್ತದೆ, ಅದಕ್ಕೆ ಹೆದರಿ ಮತ್ತೆ ಹಚ್ಚಬೇಡಿ. ನಾಳೆ, ನಾಡಿದ್ದರಲ್ಲಿ ತಂಗಿಯನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಚರ್ಮರೋಗ ವಿಭಾಗ ಇದೆ. ಡಬ್ಬಿ ಜೊತೆಗಿರಲಿ. ಉರಿ ತಡೆಯಲು ಔಷಧಿ ಕೊಡುತ್ತಾರೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ. ಬೆಳಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊತ, ಕಾಲು ಊದುವುದು, ಮೂತ್ರದಲ್ಲಿ ನೊರೆ ಇದ್ದರೆ ತಡ ಮಾಡಲೇಬೇಡಿ.

ಗೊತ್ತಿರುವ ಸ್ಟೀರಾಯ್ಡ್ ಟ್ಯೂಬನ್ನೇ ಬಹಳ ಕಾಲದಿಂದ ಹಚ್ಚುತ್ತಿರುವವರು ಓದುತ್ತಿದ್ದರೆ ಅವರಿಗೊಂದು ಮಾತು. ನೀವಾಗಿ ಥಟ್ಟಂತ ಬಿಡಬೇಡಿ. ಡಾಕ್ಟರ ಹತ್ತಿರ ಹೋಗಿ, ಹಂತಹಂತವಾಗಿ ಬಿಡಿಸುತ್ತಾರೆ.

ಯಗಚಿ (ಬೇಲೂರು)

ಸುಮ್ನೆ ಜನರನ್ನು ಹೆದರಿಸಬಾರದು. ನಾನು ಕಾಲೇಜಿನಿಂದ ಫೇರ್‌ನೆಸ್ ಕ್ರೀಮ್ ಹಚ್ಚುತ್ತಿದ್ದೇನೆ, ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು. ಏನೂ ಆಗಿಲ್ಲ.

ಔಷಧಿ ಅಂಗಡಿ (ಅರಸೀಕೆರೆ)

ಮೇಡಂ, ನೀವು ಹಚ್ಚುವುದು ಬೇರೆ, ಇಲ್ಲಿ ಮಾತಾಡುತ್ತಿರುವುದು ಬೇರೆ. ಅಂಗಡಿಯಲ್ಲಿ ಸಿಗುವ ದೊಡ್ಡ ಕಂಪನಿಯ ಕ್ರೀಮಿನ ಹಿಂದೆ ಓದಿ ನೋಡಿ. ನಿಯಾಸಿನಮೈಡ್ ಅನ್ನುವ ವಿಟಮಿನ್, ಬಿಸಿಲು ತಡೆಯುವ ಅಂಶ, ಸುಗಂಧ. ಅದರಿಂದ ಕಿಡ್ನಿ ಹೋಗುವುದಿಲ್ಲ. ಹಾಗೆಯೇ ಹುಟ್ಟಿದ ಬಣ್ಣವೂ ಬದಲಾಗುವುದಿಲ್ಲ. 1975ರಲ್ಲಿ ಶುರುವಾದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಅಷ್ಟು ವರ್ಷ 'ಫೇರ್' ಅಂತ ಮಾರಿದವರೇ ಆ ಮಾತನ್ನು ಡಬ್ಬಿಯಿಂದ ತೆಗೆದರು.

ಕಷ್ಟ ಏನು ಅಂದರೆ, ಅದರಲ್ಲಿ ಬೆಳ್ಳಗಾಗದವರು ಮುಂದೆ 'ಜೋರಾಗಿರೋದು' ಹುಡುಕಿಕೊಂಡು ಹೋಗುತ್ತಾರೆ. ಕೌಂಟರಿನಲ್ಲಿ ನಿಂತು ಇದನ್ನೇ ನೋಡುತ್ತಿದ್ದೇನೆ.

ಕಾಫಿ ಹೂವು (ಮೂಡಿಗೆರೆ)

ನಮ್ಮ ಚಿಕ್ಕಮ್ಮನ ವಿಷಯ ಹೇಳಲೇಬೇಕು. ಎರಡನೇ ಹೆರಿಗೆ ಆದಮೇಲೆ ಎರಡೂ ಕೆನ್ನೆಗೆ ಬಂಗು ಬಂತು. ತೋಟದ ಕೆಲಸ, ಕಾಫಿ ಒಣಗಿಸುವ ಕಣದಲ್ಲಿ ಬೆಳಗಿಂದ ಸಂಜೆವರೆಗೆ ಬಿಸಿಲು. ಡಾಕ್ಟರು ಒಂದು ಟ್ಯೂಬ್ ಬರೆದುಕೊಟ್ಟು ಇಷ್ಟು ವಾರ ಹಚ್ಚಿ, ಮತ್ತೆ ಬನ್ನಿ ಅಂದಿದ್ದರಂತೆ. ಬಂಗು ತಿಳಿಯಾಯಿತು. ಬಸ್ಸಿನಲ್ಲಿ ಹೋಗಿ ಡಾಕ್ಟರನ್ನು ಕಾಣಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ. ಮೆಡಿಕಲ್ ಶಾಪಿನವರು ಕೇಳಿದಾಗಲೆಲ್ಲ ಕೊಟ್ಟರು. ವರ್ಷಗಟ್ಟಲೆ ಕೊಟ್ಟರು. ಸಾಕು ನಿಲ್ಲಿಸಿ ಅಂತ ಒಬ್ಬರೂ ಹೇಳಲಿಲ್ಲ.

ಈಗ ಕೆನ್ನೆಯ ಮೂಳೆಯ ಮೇಲೆ ಕಂದು ಹೋಗಿ ನೀಲಿ ಬೂದು ಬಣ್ಣ ಬಂದಿದೆ. ಹತ್ತಿರದಿಂದ ನೋಡಿದರೆ ರಾಗಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕಿಗಳು. ಬಂಗು ಇದ್ದಾಗ ಮದುವೆ ಮನೆಗೆ ಹೋಗುತ್ತಿದ್ದರು. ಈಗ ಸೆರಗು ಮುಚ್ಚಿಕೊಂಡೇ ಓಡಾಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಚರ್ಮದ ಡಾಕ್ಟರ್ (ಹಾಸನ ಜಿಲ್ಲೆ)

ನಿಮ್ಮ ಚಿಕ್ಕಮ್ಮನ ಮುಖ ನೋಡದೆ ಖಚಿತವಾಗಿ ಹೇಳುವುದು ತಪ್ಪಾಗುತ್ತದೆ. ಆದರೆ ನೀವು ಹೇಳಿದ ಬಣ್ಣ, ಚುಕ್ಕಿ ಎರಡೂ ಓಕ್ರೊನೋಸಿಸ್ ಅನ್ನುವ ತೊಂದರೆಗೆ ಹೊಂದುತ್ತವೆ. ಹೈಡ್ರೋಕ್ವಿನೋನ್ ಅನ್ನುವ ಔಷಧಿಯನ್ನು ಬಹಳ ಕಾಲ ಹಚ್ಚಿದಾಗ ಬರುತ್ತದೆ. ಬೆಳ್ಳಗಾಗಲು ಹಚ್ಚಿದ್ದೇ ಕಪ್ಪು ತರುತ್ತದೆ. ಆ ಬಣ್ಣ ಚರ್ಮದ ಆಳದಲ್ಲಿ ಕೂರುವುದರಿಂದ ತೆಗೆಯುವುದು ಬಹಳ ಕಷ್ಟ. ಮೊದಲ ಕೆಲಸ ಆ ಟ್ಯೂಬ್ ಬಿಡಿಸುವುದು. ದಯವಿಟ್ಟು ಒಮ್ಮೆ ತೋರಿಸಿ.

ಹೈಡ್ರೋಕ್ವಿನೋನ್ ಕೆಟ್ಟ ಔಷಧಿ ಅಂತ ತಿಳಿಯಬೇಡಿ. ಬಂಗಿಗೆ ನಾವೇ ಬರೆಯುತ್ತೇವೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಒಂದು ಸ್ಟೀರಾಯ್ಡ್, ಮೂರೂ ಸೇರಿದ ಟ್ಯೂಬ್ ಇರುತ್ತದೆ. ಕೆಲವು ವಾರ, ಕಲೆ ಇರುವ ಜಾಗಕ್ಕೆ ಮಾತ್ರ, ರಾತ್ರಿ ಮಾತ್ರ. ಬಸುರಿಯರು ಅದನ್ನು ಮುಟ್ಟಬಾರದು. ತೊಂದರೆ ಶುರುವಾಗುವುದು ಅದನ್ನು ಸ್ನೋ, ಪೌಡರಿನ ಹಾಗೆ ಇಡೀ ಮುಖಕ್ಕೆ ದಿನಾ ಬಳಿದಾಗ.

ಬಂಗಿಗೆ ಬಸುರಿ, ಗರ್ಭನಿರೋಧಕ ಮಾತ್ರೆ, ವಂಶ, ಎಲ್ಲಕ್ಕಿಂತ ಜಾಸ್ತಿ ಬಿಸಿಲು ಕಾರಣ. ಬಿಸಿಲು ತಡೆಯದೆ ಯಾವ ಕ್ರೀಮು ಹಚ್ಚಿದರೂ ಅದು ವಾಪಸ್ ಬರುತ್ತದೆ. ತೋಟದಲ್ಲಿ ಕೆಲಸ ಮಾಡುವವರಿಗೆ ನಾನು ಹೇಳುವುದು ಅಗಲ ಅಂಚಿನ ಟೋಪಿ, ಮುಖಕ್ಕೆ ಹತ್ತಿ ಬಟ್ಟೆ. ಕೊಳ್ಳುವ ಶಕ್ತಿ ಇದ್ದರೆ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30ಕ್ಕಿಂತ ಕಮ್ಮಿ ಇಲ್ಲದ ಸನ್‌ಸ್ಕ್ರೀನ್. ತೋರುಬೆರಳು, ಮಧ್ಯದ ಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸರಿಹೋಗುತ್ತದೆ. ಬೆವರಿದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಮೈಬಣ್ಣದ ಛಾಯೆ ಇರುವ, ಐರನ್ ಆಕ್ಸೈಡ್ ಸೇರಿದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು.

ಸ್ಟಾಫ್ ನರ್ಸ್ (ಸಕಲೇಶಪುರ)

ಪಾದರಸದ ವಿಷಯ ಬಂತಲ್ಲ, ಕೇರಳದ ಸುದ್ದಿ ಎಲ್ಲರಿಗೂ ಗೊತ್ತಾಗಬೇಕು. ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಒಂದು ಆಸ್ಪತ್ರೆಯ ಕಿಡ್ನಿ ಡಾಕ್ಟರುಗಳು ಗಮನಿಸಿದ್ದು. 2021ರ ಜುಲೈಯಿಂದ 2023ರ ಸೆಪ್ಟೆಂಬರ್ ಒಳಗೆ ಮೆಂಬ್ರೇನಸ್ ನೆಫ್ರೋಪತಿ ಅನ್ನುವ ಕಿಡ್ನಿ ಕಾಯಿಲೆಯ 22 ಜನ ಬಂದರು. ಅದರಲ್ಲಿ 15 ಜನರಿಗೆ ಇದ್ದದ್ದು ಅಪರೂಪದ ಒಂದು ಬಗೆ. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು. ಕ್ರೀಮು ಬಿಟ್ಟಮೇಲೆ ಹೆಚ್ಚಿನವರಿಗೆ ವಾಸಿಯಾಯಿತು. ಆಮೇಲೆ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯವರು ಅಂಗಡಿಗಳ ಮೇಲೆ ದಾಳಿ ಮಾಡಿದರು.

ಪಾದರಸ ಹಚ್ಚಿಕೊಂಡವರಲ್ಲೇ ನಿಲ್ಲುವುದಿಲ್ಲ. ದಿಂಬಿನ ಕವರಿಗೆ, ಟವೆಲಿಗೆ ಹತ್ತುತ್ತದೆ. ಆವಿಯಾಗಿ ಮನೆಯ ಗಾಳಿಗೂ ಸೇರುತ್ತದೆ. ತಾಯಿಯ ಕೆನ್ನೆಗೆ ಕೆನ್ನೆ ಒತ್ತಿ ಮಲಗುವ ಕೂಸಿಗೆ ಹೋಗುತ್ತದೆ. ಬಸುರಿ ಹಚ್ಚಿದರೆ ಹೊಟ್ಟೆಯ ಮಗುವಿಗೂ ಹೋಗುತ್ತದೆ, ಅದರ ಮಿದುಳು ಬೆಳೆಯುವ ಹೊತ್ತು ಅದು. ಮಗು ಬೆಳ್ಳಗೆ ಹುಟ್ಟಲಿ ಅಂತ ಕೇಸರಿ ಹಾಲು ಕುಡಿಸುತ್ತಾರಲ್ಲ, ಅದರಿಂದ ಮಗುವಿನ ಬಣ್ಣ ಬದಲಾಗುವುದಿಲ್ಲ, ಆದರೆ ಅಡುಗೆಗೆ ಹಾಕುವಷ್ಟು ಚಿಟಿಕೆ ಕೇಸರಿಯಿಂದ ತೊಂದರೆಯೂ ಇಲ್ಲ. ಈ ಡಬ್ಬಿಗಳು ಹಾಗಲ್ಲ.

ಪಾರ್ಲರ್ ಅಕ್ಕ (ಚಿಕ್ಕಮಗಳೂರು)

ನಾನು ಪಾರ್ಲರ್ ನಡೆಸುತ್ತೇನೆ. ಎಲ್ಲರೂ ಪಾರ್ಲರಿನವರನ್ನೇ ಬೈಯುತ್ತೀರಿ ಅಂತ ಗೊತ್ತು, ಆದರೂ ಬರೆಯುತ್ತೇನೆ. ಏಜೆಂಟರು ಬೈಕಿನಲ್ಲಿ ಬ್ಯಾಗ್ ಹಾಕಿಕೊಂಡು ಬರುತ್ತಾರೆ. ಫೇಶಿಯಲ್ ಕಿಟ್, ವ್ಯಾಕ್ಸ್ ಎಲ್ಲ ತೋರಿಸಿ, ಕೊನೆಗೆ ಬ್ಯಾಗಿನ ತಳದಿಂದ ಈ ಡಬ್ಬಿ ತೆಗೆಯುತ್ತಾರೆ. "ಮೇಡಂ, ಫಾರಿನ್ ಮಾಲು, ಇದಕ್ಕೆ ಬಿಲ್ ಇರಲ್ಲ" ಅನ್ನುತ್ತಾರೆ. ಲಾಭ ಬೇರೆ ಯಾವುದರಲ್ಲೂ ಅಷ್ಟು ಸಿಗುವುದಿಲ್ಲ. ನಾನು ಇಡುವುದಿಲ್ಲ. ಆದರೆ ಮದುವೆ ಸೀಸನ್ನಿನಲ್ಲಿ ಹುಡುಗಿಯರ ತಾಯಂದಿರೇ ಬಂದು "ಹದಿನೈದು ದಿನದಲ್ಲಿ ಬೆಳ್ಳಗಾಗೋದು ಏನಾದ್ರೂ ಕೊಡಿ" ಅಂತ ಹಠ ಹಿಡಿಯುತ್ತಾರೆ. ಇಲ್ಲ ಅಂದರೆ ಪಕ್ಕದ ಬೀದಿಗೆ ಹೋಗುತ್ತಾರೆ.

ಅಸಲಿ ಮಾಲು ಅಂತ ಗುರುತಿಸುವುದು ಹೇಗೆ? ನಮಗೆ ಯಾರೂ ಹೇಳಿಕೊಡುವುದಿಲ್ಲ. ಬ್ಲೀಚ್ ಬಗ್ಗೆಯೂ ಹೇಳಿ, ಅದೂ ಅಪಾಯವಾ?

ಔಷಧಿ ಅಂಗಡಿ (ಅರಸೀಕೆರೆ)

ಅಕ್ಕ, ನೀವು ಇಡದೇ ಇರುವುದು ದೊಡ್ಡ ವಿಷಯ. ಡಬ್ಬಿ ತಿರುಗಿಸಿ ಇಷ್ಟು ನೋಡಿ. ತಯಾರಿಸಿದವರ ಹೆಸರು, ಪೂರ್ತಿ ವಿಳಾಸ. ಲೈಸೆನ್ಸ್ ನಂಬರ್. ಬ್ಯಾಚ್ ನಂಬರ್, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು. ಒಳಗಿರುವ ಪದಾರ್ಥಗಳ ಪಟ್ಟಿ. ವಿದೇಶದ್ದಾದರೆ ಇಲ್ಲಿಗೆ ತರಿಸಿದವರ ಹೆಸರು, ವಿಳಾಸ, ಆಮದು ನೋಂದಣಿ ನಂಬರ್ ಇರಲೇಬೇಕು. ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಅಂತ ಕಂಡರೆ ಅದು ಪಾದರಸ. ಹೆಸರಿನ ಕೊನೆಗೆ 'ಸೋನ್', 'ಸೋಲ್' ಅಂತ ಬಂದರೆ ಸ್ಟೀರಾಯ್ಡ್ ಇರಬಹುದು, ಕೇಳಿ ತಿಳಿದುಕೊಳ್ಳಿ. ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಔಷಧಿ, ಪಾರ್ಲರಿನಲ್ಲಿ ಇರಬಾರದು. ಬಿಲ್ ಕೊಡದ ಮಾಲು ಬೇಡವೇ ಬೇಡ.

ಬ್ಲೀಚ್ ಮುಖದ ಸಣ್ಣ ಕೂದಲಿನ ಬಣ್ಣ ತೆಗೆಯುತ್ತದೆ, ಅದಕ್ಕೇ ಮುಖ ತಿಳಿಯಾಗಿ ಕಾಣುತ್ತದೆ. ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್, ಅಮೋನಿಯಾ ಇರುತ್ತವೆ. ಮೊದಲೇ ಉರಿಯುತ್ತಿರುವ ಮುಖಕ್ಕೆ ಮಾತ್ರ ಹಾಕಬೇಡಿ, ಸುಟ್ಟ ಗಾಯವಾಗುತ್ತದೆ.

ಕಡೂರು ಹುಡುಗ

ಇದು ಹುಡುಗಿಯರ ಸಮಸ್ಯೆ ಮಾತ್ರ ಅಲ್ಲ. ನಮ್ಮ ರೂಮಿನಲ್ಲಿ ಒಂದೇ ಟ್ಯೂಬ್ ಎಲ್ಲರಿಗೂ. ಒಬ್ಬನಿಗೆ ತೊಡೆ ಸಂದಿಯಲ್ಲಿ ಹುಳುಕಡ್ಡಿ, ಇನ್ನೊಬ್ಬನಿಗೆ ಶೇವಿಂಗ್ ಆದಮೇಲೆ ಬೆಳ್ಳಗೆ ಕಾಣಬೇಕು. ಹುಳುಕಡ್ಡಿ ಇದ್ದವನಿಗೆ ಈಗ ಹೊಟ್ಟೆಯವರೆಗೂ ಹರಡಿದೆ.

ಚರ್ಮದ ಡಾಕ್ಟರ್ (ಹಾಸನ ಜಿಲ್ಲೆ)

ಅದು ಹಾಗೇ ಆಗುತ್ತದೆ ತಮ್ಮಾ. ಹುಳುಕಡ್ಡಿ ಅಂದರೆ ಫಂಗಸ್. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಫಂಗಸ್ಸಿಗೆ ಮಾತ್ರ ಒಳ್ಳೆಯ ಗೊಬ್ಬರ ಹಾಕಿದ ಹಾಗೆ. ನಿನ್ನ ಗೆಳೆಯನಿಗೆ ಮಾತ್ರೆಯೂ ಬೇಕಾಗಬಹುದು, ಕರೆದುಕೊಂಡು ಬಾ. ಟವೆಲ್, ಒಳಉಡುಪು ಯಾರೂ ಹಂಚಿಕೊಳ್ಳಬೇಡಿ.

ಮಲ್ಲಿಗೆ ಬಳ್ಳಿ (ಚನ್ನರಾಯಪಟ್ಟಣ)

ನಿಂಬೆಹಣ್ಣು, ಸೋಡಾಪುಡಿ ಕಲಸಿ ಹಚ್ಚುವುದು ವಾಸಿ ಅಲ್ವಾ? ಮನೆಯದ್ದು. ಇನ್ನೊಂದು, ಬೆಂಗಳೂರಿನಲ್ಲಿ ಮದುಮಗಳಿಗೆ ಬೆಳ್ಳಗಾಗಲು ಗ್ಲುಟಾಥಯೋನ್ ಅನ್ನುವ ಇಂಜೆಕ್ಷನ್ ಕೊಡುತ್ತಾರಂತೆ. ನನ್ನ ಗೆಳತಿ ವಿಚಾರಿಸುತ್ತಿದ್ದಾಳೆ.

ಚರ್ಮದ ಡಾಕ್ಟರ್ (ಹಾಸನ ಜಿಲ್ಲೆ)

ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಬಂದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಸೋಡಾಪುಡಿ ಚರ್ಮದ ಮೇಲ್ಪದರವನ್ನು ಕೆಡಿಸುತ್ತದೆ. ಕಡಲೆಹಿಟ್ಟಿನಲ್ಲಿ ಮುಖ ತೊಳೆಯಿರಿ, ಬೇಡ ಅನ್ನುವುದಿಲ್ಲ. ಜಿಡ್ಡು ಹೋಗುತ್ತದೆ, ಬಣ್ಣ ಹೋಗುವುದಿಲ್ಲ.

ಇಂಜೆಕ್ಷನ್ ಬೇಡ ಅಂತ ಗೆಳತಿಗೆ ಗಟ್ಟಿಯಾಗಿ ಹೇಳಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬೆಳ್ಳಗಾಗುವ ಇಂಜೆಕ್ಷನ್ ಒಂದಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಫಿಲಿಪೀನ್ಸಿನಲ್ಲಿ ಸರ್ಕಾರವೇ ಇದರ ವಿರುದ್ಧ ಎಚ್ಚರಿಕೆ ಕೊಟ್ಟಿದೆ. ರಕ್ತನಾಳಕ್ಕೆ ನೇರ ಹೋಗುವ ವಸ್ತು ಅದು. ಮೈಗೆ ಒಗ್ಗದಿದ್ದರೆ ಜೀವಕ್ಕೇ ಕುತ್ತು ಬರಬಹುದು.

ನಿವೃತ್ತ ಟೀಚರ್ (ಹಾಸನ)

ಡಾಕ್ಟರು, ಅಂಗಡಿಯವರು ಔಷಧಿ ಮಾತು ಹೇಳಿದರು. ನಾನು ಮನೆ ಮಾತು ಹೇಳುತ್ತೇನೆ. ಆ ಹುಡುಗಿ ಬಿಸಿಲಿನಲ್ಲಿ ನಡೆದು ಓದಿ ಬಂದವಳಿರಬಹುದು. ಅವಳ ಅಮ್ಮ "ಬಿಡು, ಬೆಳ್ಳಗಾಗ್ತಿದ್ದಾಳೆ" ಅಂದಿದ್ದು ಕೇಳಿ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಆ ತಾಯಿಗೂ ಯಾರೋ ಒಂದು ಕಾಲದಲ್ಲಿ ಇದೇ ಮಾತು ಅಂದಿರುತ್ತಾರೆ. ಕೂಸು ಹುಟ್ಟಿದ ಕೂಡಲೇ ಗಂಡೋ ಹೆಣ್ಣೋ ಅಂತ ಕೇಳಿ, ಆಮೇಲೆ ಕಿವಿಯ ತುದಿ ನೋಡಿ "ಬಣ್ಣ ಬರುತ್ತೆ ಬಿಡಿ" ಅನ್ನುವವರು ನಾವೇ ಅಲ್ವಾ?

ಬಣ್ಣ ಕಮ್ಮಿ ಅಂದ ಮನೆಗೆ ಆ ಹುಡುಗಿ ಹೋಗದೇ ಇದ್ದದ್ದು ಒಳ್ಳೆಯದೇ ಆಯಿತು. ಬ್ರೋಕರ್‌ಗೆ ಹೇಳಿಬಿಡಿ, ಬಣ್ಣ ಕೇಳುವವರನ್ನು ಕರೆತರಬೇಡಿ ಅಂತ. ನಾವು ನಮ್ಮ ಮನೆಯಲ್ಲಿ ಹಾಗೇ ಹೇಳಿದ್ದೆವು. ಸ್ವಲ್ಪ ತಡವಾಯಿತು, ಆದರೆ ಮನುಷ್ಯರು ಸಿಕ್ಕರು.

ಯಗಚಿ (ಬೇಲೂರು)

ಟೀಚರ್, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆದರೆ ಎಲ್ಲರ ಮನೆಯಲ್ಲೂ ಹಾಗೆ ಹೇಳುವ ಧೈರ್ಯ ಇರುವುದಿಲ್ಲ. ವಯಸ್ಸು ಮೀರುತ್ತಿದೆ ಅಂತ ದಿನಾ ಕೇಳಿಸಿಕೊಳ್ಳುವ ಹುಡುಗಿಗೆ ಕ್ರೀಮು ಬಿಡು ಅನ್ನುವುದು ಸುಲಭ. ಅವಳ ಪರವಾಗಿ ನೆಂಟರ ಮುಂದೆ ನಿಂತು ಮಾತಾಡುವವರು ಬೇಕು.

ಹೇಮಾವತಿ ತೀರ (ಹಾಸನ)

ಎಲ್ಲರಿಗೂ ಕೈ ಮುಗಿಯುತ್ತೇನೆ. ತಂಗಿಯನ್ನು ಚರ್ಮದ ಡಾಕ್ಟರಿಗೆ ತೋರಿಸಿ ಬಂದೆವು. ಲೆನ್ಸ್ ಹಿಡಿದು ಕೆನ್ನೆ ನೋಡಿದರು. ನನಗೂ ತೋರಿಸಿದರು. ಚರ್ಮದ ಕೆಳಗೆ ಕೆಂಪು ದಾರದಂತೆ ಸಣ್ಣ ಸಣ್ಣ ರಕ್ತನಾಳಗಳು ಕಾಣುತ್ತಿದ್ದವು. ಸ್ಟೀರಾಯ್ಡಿನದ್ದೇ ಅಂದರು. ಮೂತ್ರ ಪರೀಕ್ಷೆ ಸರಿಯಾಗಿದೆ. ಪಾದರಸ ಇರಬಹುದಾ ಅಂತ ಡಬ್ಬಿ ನೋಡಿ ಹೇಳಲು ಆಗುವುದಿಲ್ಲ, ಆದ್ದರಿಂದ ಮತ್ತೊಮ್ಮೆ ಪರೀಕ್ಷೆ ಮಾಡೋಣ ಅಂದಿದ್ದಾರೆ. ಉರಿಗೆ ಮುಲಾಮು, ಸೋಪು ಬೇಡ, ಸನ್‌ಸ್ಕ್ರೀನ್. ಸರಿಹೋಗಲು ತಿಂಗಳುಗಳು ಬೇಕು, ನಡುವೆ ಕೆಂಪಾಗುತ್ತದೆ, ಧೈರ್ಯ ಬಿಡಬೇಡಿ ಅಂದರು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕಿಡ್ನಿ ಅಂದ ಕೂಡಲೇ ಅಮ್ಮನೇ ತಂಗಿಯ ಕೈ ಹಿಡಿದುಕೊಂಡರು.

ಒಂದು ಪ್ರಶ್ನೆ. ಈ ಡಬ್ಬಿ ಏನು ಮಾಡಲಿ? ತಂಗಿ ಸಿಂಕಿಗೆ ಸುರಿದು ತೊಳೆಯಲು ಹೊರಟಿದ್ದಳು, ನಾನು ತಡೆದೆ.

ಔಷಧಿ ಅಂಗಡಿ (ಅರಸೀಕೆರೆ)

ತಡೆದದ್ದು ಒಳ್ಳೆಯದಾಯಿತು. ಸಿಂಕಿಗೂ ಬೇಡ, ಹಿತ್ತಲಿಗೂ ಬೇಡ. ಮುಚ್ಚಳ ಬಿಗಿ ಮಾಡಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ, ಅಡುಗೆಮನೆಯಿಂದ ದೂರ ಇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ತಂಗಿಯ ದಿಂಬಿನ ಕವರು, ಮುಖ ಒರೆಸುವ ಟವೆಲ್ ಬದಲಾಯಿಸಿ.

ಈಗಲೇ ಎಸೆಯಬೇಡಿ, ಅದು ಸಾಕ್ಷಿ. ಹಾಸನದಲ್ಲೇ ಸಹಾಯಕ ಔಷಧ ನಿಯಂತ್ರಕರ ಕಚೇರಿ ಇದೆ. ಡಬ್ಬಿ ಎಲ್ಲಿ, ಯಾವಾಗ ಕೊಂಡಿದ್ದು ಅಂತ ಒಂದು ಅರ್ಜಿ ಬರೆದುಕೊಡಿ. ಮಾದರಿ ತೆಗೆದು ಲ್ಯಾಬಿಗೆ ಕಳಿಸುವ ಅಧಿಕಾರ ಅವರಿಗಿದೆ. ಔಷಧಿಯಿಂದ ಆದ ತೊಂದರೆ ತಿಳಿಸಲು 1800 180 3024 ಅನ್ನುವ ಉಚಿತ ಸಹಾಯವಾಣಿ ಇದೆ. ಗ್ರಾಹಕರ ದೂರಿಗೆ 1915. ಅರ್ಜಿ ಬರೆಯಲು ಕಷ್ಟವಾದರೆ ಇಲ್ಲೇ ಕೇಳಿ, ನಾನು ಬರೆದು ಹಾಕುತ್ತೇನೆ.

ಪಾರ್ಲರ್ ಅಕ್ಕ (ಚಿಕ್ಕಮಗಳೂರು)

ಆ ಅರ್ಜಿಯ ನಮೂನೆ ನನಗೂ ಹಾಕಿ ಸರ್. ಏಜೆಂಟ್ ಮುಂದಿನ ವಾರ ಬರುತ್ತಾನೆ. ಅವನು ಬಿಟ್ಟುಹೋದ ಸ್ಯಾಂಪಲ್ ಡಬ್ಬಿ ಎರಡು ನನ್ನ ಹತ್ತಿರ ಹಾಗೇ ಇದೆ, ಚಿಕ್ಕಮಗಳೂರಿನ ಕಚೇರಿಗೆ ಕೊಡುತ್ತೇನೆ.